ತಲೆ ಕಾಣುವ ಜಾಗ

ಇನ್ನೂರು ರೂಪಾಯಿ ಕೊಟ್ಟೆ, ರಸ್ತೆಯಿಂದ ಪುಕ್ಕಟೆ ಕಾಣುವ ಗುಡ್ಡಕ್ಕೆ. ಶಹಾಪುರದ ಗುಡ್ಡದ ಸಾಲು ಮಲಗಿದ ಬುದ್ಧನಂತೆ ಕಾಣುವ ಸರಿಯಾದ ಜಾಗ ತನಗೊಬ್ಬನಿಗೇ ಗೊತ್ತು ಎಂದ ಆಟೋದವನ ಮಾತಿಗೆ ಆ ದುಡ್ಡು.

ಬಸ್ ನಿಲ್ದಾಣ ಬಿಟ್ಟವನು ನಿಲ್ಲಿಸಲೇ ಇಲ್ಲ. ಒಂದು ಕೈ ಹ್ಯಾಂಡಲ್ ಮೇಲೆ. ಇನ್ನೊಂದು ಕೈಯ ಹೆಬ್ಬೆರಳನ್ನು ಗುಡ್ಡಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದ.

"ಅಲ್ಲೇ ಕಾಣಾಕತ್ತದಲ್ಲೋ, ನಿಲ್ಲಸು."

"ಅದು ಬರೇ ಹೊಟ್ಟಿ ರೀ ಸಾವ್ಕಾರ್ರ. ಇನ್ನ ತಲಿ ಬಂದಿಲ್ಲ."

"ತಲಿ ಏನ್ ನಡಕೋತ ಬರ್ತದೇನು? ಸುರಪುರದಾಗ ಗಿರಾಕಿ ಕಾಯಾಕತ್ತಾನ. ಬಸ್ ತಪ್ಪಿದ್ರ ನನ್ನ ನಷ್ಟ ನೀ ಕೊಡ್ತೀಯೇನು?"

"ಬಸ್ಸೂ ಇದೇ ದಾರೀಲೆ ಬರ್ತದ್ರಿ. ಇನ್ನ ತಲಿ ಬಂದಿಲ್ಲ."

ದೂರ ಹೆಚ್ಚಿಸಿ ಬಾಡಿಗೆ ಏರಿಸುವ ಹಂಚಿಕೆ ಎಂದುಕೊಂಡೆ. ಕೊನೆಗೆ ಎಂಜಿನ್ ಆರಿಸಿ, ಚಪ್ಪಲಿ ಬಿಟ್ಟು ಇಳಿದ. ಹಣೆ, ಮೂಗು, ಎದೆ, ಕಾಲು ಒಂದೇ ಗೆರೆಯಲ್ಲಿ ಕೂಡಿ ನಿಂತಿದ್ದವು. ನಾನೂ ಚಪ್ಪಲಿ ಬಿಟ್ಟು ಇಳಿದೆ. ಅಷ್ಟರಲ್ಲಿ ಪಕ್ಕದ ಚಹಾ ಅಂಗಡಿಯವನು ಅವನನ್ನು "ಮಾವಾ" ಎಂದು ಕೂಗಿ, ಕೇಳದೆಯೇ ಎರಡು ಕಪ್ ತಂದಿಟ್ಟ. ಸುರಪುರದ ಬಸ್ಸು ಬಂದಾಗ ಆಟೋದವನೇ ಕೈ ಮಾಡಿ ನಿಲ್ಲಿಸಿ ನನ್ನನ್ನು ಹತ್ತಿಸಿದ.

ನೀವು ಹೋದರೆ ಜಾಗದ ವಿಷಯದಲ್ಲಿ ಅವನನ್ನು ನಂಬಿ. ಚಹಾದ ಬೆಲೆ ಮಾತ್ರ ಕುಡಿಯುವ ಮೊದಲೇ ಕೇಳಿ.