ಕುಟ್ಟಾಣಿ ಬಡಿದು ನಡೆಸಿದ ಸಭೆ

ನ್ಯೂಜೆರ್ಸಿಯ ನಮ್ಮ ಪುಟ್ಟ ಕನ್ನಡ ಸಂಘದ ಸಭೆಗಳಿಗೆ ಶಿಸ್ತು ಬಂದದ್ದು ಏಲಕ್ಕಿ ಪುಡಿ ಮಾಡುವ ಒಂದು ಮರದ ಕುಟ್ಟಾಣಿಯಿಂದ. ಅದಕ್ಕೆ ಮೊದಲು ನಮ್ಮದು ಸಭೆಯಾಗಿರಲಿಲ್ಲ, ಸಂತೆಯಾಗಿತ್ತು. ಯುಗಾದಿ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ಶುರುವಾದ ಮಾತು ಟರ್ನ್‌ಪೈಕಿನ ಟ್ರಾಫಿಕ್ಕಿಗೆ ಹೊರಳಿ, ಅಲ್ಲಿಂದ ಯಾರದೋ ಮಗಳ ಕಾಲೇಜಿಗೆ ಹಾರಿ, ಮೂರು ಗಂಟೆಯ ನಂತರ ಹೋಳಿಗೆಯೂ ಇಲ್ಲದೆ ಪಾಯಸವೂ ಇಲ್ಲದೆ ಮುಗಿಯುತ್ತಿತ್ತು. ನಿಜವಾದ ತೀರ್ಮಾನವೇನಿದ್ದರೂ ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ಹಿಡಿದು ನಿಂತಾಗ ಆಗುತ್ತಿತ್ತು.

ಇದನ್ನೆಲ್ಲ ನೋಡಿ ನೋಡಿ ರೋಸಿಹೋದವರು ಮನ್ರೋ ಊರಿನ ಅಂಕಲ್. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಧ್ಯಕ್ಷರಾದ ಮೊದಲ ದಿನವೇ ಇಟ್ಟಿಗೆಯಷ್ಟು ದಪ್ಪದ ನಿಯಮಾವಳಿ ತಂದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ, ಹೆಂಡತಿಯ ಅಡುಗೆಮನೆಯಿಂದ ಹೊತ್ತು ತಂದ ಕುಟ್ಟಾಣಿ. ಅದನ್ನು ಬಡಿದಾಗಲೆಲ್ಲ ಮುಂದಿನ ಸಾಲಿಗೆ ಏಲಕ್ಕಿಯ ವಾಸನೆ ಬರುತ್ತಿತ್ತು.

"ಇನ್ಮೇಲೆ ಹೀಗೆ," ಎಂದರು. "ಮಾತಾಡೋರು ಕೈ ಎತ್ತಬೇಕು. ಏನಾದ್ರೂ ಆಗಬೇಕು ಅಂದ್ರೆ ಒಬ್ಬರು ಮೋಷನ್, ಅಂದ್ರೆ ಗೊತ್ತುವಳಿ, ತರಬೇಕು, ಇನ್ನೊಬ್ಬರು ಸೆಕೆಂಡ್, ಅಂದ್ರೆ ಅನುಮೋದನೆ, ಮಾಡಬೇಕು. ಆಮೇಲೆ ಚರ್ಚೆ, ಆಮೇಲೆ ವೋಟು. ಪಾರ್ಕಿಂಗ್ ಲಾಟ್‌ನಲ್ಲಿ ಆಗಿದ್ದು ಲೆಕ್ಕಕ್ಕಿಲ್ಲ."

ನಾವು ಮುಸಿಮುಸಿ ನಕ್ಕೆವು. ಆದರೆ ಎರಡೇ ತಿಂಗಳಲ್ಲಿ ಆ ಆಟ ಎಲ್ಲರಿಗೂ ರುಚಿಸಿತು. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ, ಮನೆಯಲ್ಲಿ ಉರ್ದು ಆಡುವ ಆಂಟಿಯೊಬ್ಬರಿದ್ದರು. ಅವರು ಯಾರು ಏನು ಮೋಷನ್ ತಂದರೂ "ಸೆಕೆಂಡ್" ಎನ್ನುತ್ತಿದ್ದರು. ಒಂದು ದಿನ ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ಮೋಷನ್‌ಗಳಿಗೂ ಸೆಕೆಂಡ್ ಮಾಡಿದರು. ಅಂಕಲ್ ಗದರಿದಾಗ, "ಪಾಪ, ಅವರು ಹೇಳಿಬಿಟ್ಟು ಒಬ್ಬರೇ ನಿಂತ್ಕೊಂಡಿರ್ತಾರಲ್ಲ, ನೋಡೋಕಾಗಲ್ಲ," ಎಂದರು.

ನಾನು ಕಾರ್ಯದರ್ಶಿ. ಕೈಬರಹ ಚೆನ್ನಾಗಿದೆ ಎಂಬ ಒಂದೇ ಅರ್ಹತೆ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದವಳು, ಗಂಡನ ವೀಸಾಕ್ಕೆ ಜೋತುಬಿದ್ದು ಬಂದು ಕೆಲಸ ಮಾಡುವ ಹಕ್ಕಿಲ್ಲದೆ ಮನೆಯಲ್ಲಿ ಕುಳಿತಿದ್ದೆ. ಅವರು ಬೆಳಗ್ಗೆ ಎದ್ದು ಸೀಕಾಕಸ್‌ನಲ್ಲಿ ರೈಲು ಬದಲಿಸಿ ನ್ಯೂಯಾರ್ಕಿನ ಬ್ಯಾಂಕಿಗೆ ಹೋದರೆ, ನನಗೆ ಕಿಟಕಿ ಮತ್ತು ಹಿಮ. ಭಾನುವಾರ ಮಾತ್ರ ಬೇರೆ. ಬಾಡಿಗೆಯ ಶಾಲಾಕೊಠಡಿಯಲ್ಲಿ ಸಂಘದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನಾನು ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವು. ಆದರೂ ಸೀಮೆಸುಣ್ಣ ಕೈಗೆ ಬಂದರೆ ನಾನು ಮತ್ತೆ ನಾನಾಗುತ್ತಿದ್ದೆ. ಆ ಒಂದೂವರೆ ಗಂಟೆಗಾಗಿ ಉಳಿದ ಆರು ದಿನ ಬದುಕುತ್ತಿದ್ದೆ ಎಂದರೆ ಸುಳ್ಳಲ್ಲ.

ಬ್ಯಾಂಕುಗಳು ಒಂದೊಂದಾಗಿ ಮುಗ್ಗರಿಸಿದ ವರ್ಷ ಕ್ಲಾಸಿನ ಬೆಂಚುಗಳೂ ಖಾಲಿಯಾಗತೊಡಗಿದವು. ಒಬ್ಬರು ಟೆಕ್ಸಾಸಿಗೆ, ಇನ್ನೊಬ್ಬರು ಬೆಂಗಳೂರಿಗೆ. ಇಪ್ಪತ್ತು ಮಕ್ಕಳು ಒಂಬತ್ತಾದರು. ಮಾರ್ಚ್ ತಿಂಗಳ ಶನಿವಾರದ ಸಭೆಯಲ್ಲಿ, ಮೋಟೆಲ್ ನಡೆಸುತ್ತಿದ್ದ ಮಂಗಳೂರು ಕಡೆಯ ಸದಸ್ಯರು ಕೈ ಎತ್ತಿದರು. ಮನಸ್ಸಿನಲ್ಲಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ.

"ಕ್ಲಾಸು ಬಂದ್ ಮಾಡುವಾ ಮಾರಾಯ್ರೆ. ಒಂಬತ್ತು ಮಕ್ಕಳಿಗೆ ವರ್ಷವಿಡೀ ರೂಮು ಎಂತಕ್ಕೆ? ಟೀಚರಮ್ಮ ಬೇಜಾರು ಮಾಡ್ಬೇಡಿ, ಇದ್ದದ್ದು ಹೇಳಿದೆ."

"ಸೆಕೆಂಡ್," ಎಂದರು ಆಂಟಿ, ಅಭ್ಯಾಸಬಲದಿಂದ. ಹೇಳಿದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಅದನ್ನು ಬರೆದುಕೊಳ್ಳಬೇಕಾದವಳು ನಾನು. ನಮ್ಮ ಮನೆಯಲ್ಲಿ ಅಕ್ಕಿ ಖಾಲಿ ಎನ್ನುತ್ತಿರಲಿಲ್ಲ, ತುಂಬಿದೆ ಎನ್ನುತ್ತಿದ್ದರು. ಹೊರಡುವಾಗ ಹೋಗುತ್ತೇನೆ ಎಂದರೆ ಅಜ್ಜಿ ಬಾಗಿಲಲ್ಲೇ ತಡೆದು, ಬರ್ತೀನಿ ಅನ್ನು ಎಂದು ತಿದ್ದುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವಳ ಕೈಗೆ ಕ್ಲಾಸು ಮುಚ್ಚುವುದು ಎಂದು ಬರೆಯಲು ಬರಲಿಲ್ಲ. "ಮುಂದಿನ ವರ್ಷವೂ ಕನ್ನಡ ತರಗತಿ ನಡೆಸುವುದು" ಎಂದು ಬರೆದು ಓದಿದೆ. ಬೇಡವೆನ್ನುವವರು ಅದರ ವಿರುದ್ಧ ಕೈ ಎತ್ತಿದರಾಯಿತಲ್ಲ! ಮೋಟೆಲ್‌ನವರೂ "ಎರಡೂ ಒಂದೇ ಅಲ್ವಾ, ಆಗ್ಲಿ," ಎಂದರು. ಅಂಕಲ್ ಒಂದು ಕ್ಷಣ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ವೋಟಿಗೆ ಕರೆದರು.

ಪರವಾಗಿ ಐದು ಕೈ. ವಿರುದ್ಧವಾಗಿ ಐದು. ಆ ಐದರಲ್ಲಿ ಒಂದು ಕೈಯ ಗಡಿಯಾರ ನಾನೇ ಕೊಡಿಸಿದ್ದು. ನನ್ನ ಗಂಡ ತಲೆ ತಗ್ಗಿಸಿಕೊಂಡು ಕೈ ಎತ್ತಿದ್ದರು.

"ಕಾರ್ಯದರ್ಶಿಗಳದ್ದು?" ಎಂದರು ಅಂಕಲ್.

ನನ್ನ ಕ್ಲಾಸಿಗೆ ನಾನೇ ಕೈ ಎತ್ತುವುದೇ? ನೋಡಿದವರು ಏನಂದುಕೊಂಡಾರು? ಬೇಡವೆಂದು ತಲೆಯಾಡಿಸಿದೆ. ಅಂಕಲ್ಲಿಗೂ ಅದೇ ಸಂಕೋಚ. ಅವರ ಮೊಮ್ಮಗಳು ನನ್ನ ಕ್ಲಾಸಿನಲ್ಲಿದ್ದಳು. "ಹಾಗಾದ್ರೆ ನಾನೂ ಹಾಕಲ್ಲ," ಎಂದರು.

ಸಮಸಮ ಬಂತು, ಕ್ಲಾಸು ಉಳಿಯಿತು ಎಂದು ಆಂಟಿ ಚಪ್ಪಾಳೆ ತಟ್ಟಿದರು. ಅಂಕಲ್ ಕುಟ್ಟಾಣಿಯನ್ನು ಮೆತ್ತಗೆ ಬಡಿದರು. "ಸಮ ಬಂದ್ರೆ ಮೋಷನ್ ಬಿದ್ದುಹೋಗುತ್ತಮ್ಮಾ. ನಡೆಸೋದು ಅನ್ನೋ ಮೋಷನ್ ಬಿತ್ತು. ಅಂದ್ರೆ ನಡೆಸೋ ಹಾಗಿಲ್ಲ."

ಮೋಟೆಲ್‌ನವರು ಹೇಳಿದ ಹಾಗೆ ಮುಚ್ಚುವುದು ಎಂದೇ ಬರೆದಿದ್ದರೆ ಬಿದ್ದುಹೋಗುತ್ತಿದ್ದದ್ದು ಮುಚ್ಚುವ ಮಾತು. ಒಳ್ಳೆಯ ಮಾತು ಬರೆಯಲು ಹೋಗಿ ನನ್ನ ಕ್ಲಾಸನ್ನು ನಾನೇ ಕೈಯಾರೆ ಮುಚ್ಚಿದ್ದೆ. ಅಂಕಲ್ ಹತ್ತು ನಿಮಿಷ ಚಹಾಕ್ಕೆ ಬಿಟ್ಟರು. ಬಿಡುವ ಮೊದಲು ಸೂರಿನ ಕಡೆ ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಒಂದು ರೂಲ್ ಇದೆ. ಆದ ತೀರ್ಮಾನವನ್ನ ಮತ್ತೆ ನೋಡೋಣ ಅಂತ ಕೇಳಬಹುದು. ಆದರೆ ಗೆದ್ದ ಕಡೆಯವರೇ ಕೇಳಬೇಕು, ಇವತ್ತೇ ಕೇಳಬೇಕು."

ಕೋಟು ನೇತುಹಾಕುವ ಗೂಟಗಳ ಹತ್ತಿರ ಗಂಡನನ್ನು ಹಿಡಿದು ನಿಲ್ಲಿಸಿದೆ. ಮೈಯೆಲ್ಲ ಉರಿಯುತ್ತಿತ್ತು.

"ಊರೋರು ಎತ್ತಿದ್ರೆ ಎತ್ಲಿ. ನೀವೂನಾ?"

ಅವರು ನನ್ನ ಕೋಟಿನ ಗುಂಡಿಯನ್ನೇ ನೋಡುತ್ತಾ ಹೇಳಿದರು. "ನಿನ್ನೆ ಲೇ ಆಫ್ ಮಾಡಿದ್ರು. ಆಫೀಸ್ ಸಾಮಾನು ಕಾರ್ ಟ್ರಂಕ್‌ನಲ್ಲಿದೆ. ವೀಸಾ ಇನ್ನೆಷ್ಟು ದಿನಾನೋ. ನೀನು ವರ್ಷಪೂರ್ತಿ ಕಲಿಸ್ತೀನಿ ಅಂತ ಮಾತು ಕೊಟ್ಟು, ನಡುವೆ ಮಕ್ಕಳನ್ನ ಬಿಟ್ಟು ಹೊರಡೋ ಹಾಗಾದ್ರೆ... ನಿನಗೆ ತಡ್ಕೊಳಕ್ಕಾಗಲ್ಲ ಅಂತ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳು ಬಂತು, ಅದೂ ಅವರ ಕೆಲಸಕ್ಕಲ್ಲ, ಆ ಒಂಬತ್ತು ಮಕ್ಕಳಿಗೆ. ಮೂಗು ಒರೆಸಿಕೊಂಡು ಕೇಳಿದೆ: "ನಾನಿಲ್ಲ ಅಂದ್ರೆ ಕ್ಲಾಸೂ ಇರಬಾರದಾ?"

ಚಹಾ ಮುಗಿದು ಕುಟ್ಟಾಣಿ ಬಡಿದಾಗ ಗಂಡ ಎದ್ದು ನಿಂತರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಕೆಲಸ ಹೋದದ್ದನ್ನೂ ನಾವು ಹೊರಡಬೇಕಾಗಬಹುದೆಂಬುದನ್ನೂ ಹೇಳಿಯೇಬಿಟ್ಟರು. ಕೊನೆಗೆ, "ನಾನು ಗೆದ್ದ ಕಡೆಯವನು. ಮತ್ತೆ ವೋಟ್ ಮಾಡೋಣ ಅಂತ ಕೇಳ್ತೀನಿ," ಎಂದರು.

"ಸೆಕೆಂಡ್!" ಆಂಟಿಯ ದನಿ ಅಷ್ಟು ಜೋರಾಗಿ ಯಾವತ್ತೂ ಕೇಳಿರಲಿಲ್ಲ.

ಈ ಸಲ "ಪರವಾಗಿ?" ಎಂದು ಅಂಕಲ್ ಕರೆದಾಗ, ಪೆನ್ನು ಹಿಡಿದ ಕೈಯನ್ನೇ ನೆಟ್ಟಗೆ ಮೇಲೆತ್ತಿದೆ. ಏಳು, ನಾಲ್ಕು. ಕ್ಲಾಸು ಉಳಿಯಿತು.

"ಸರಿ, ಆದ್ರೆ ಕಲಿಸೋದು ಯಾರು?" ಎಂದರು ಮೋಟೆಲ್‌ನವರು.

"ಸೆಕೆಂಡ್," ಎಂದರು ಆಂಟಿ ಮತ್ತೆ.

"ಯಾವುದಕ್ಕೆ ಸೆಕೆಂಡು? ಮೋಷನ್ನೇ ಇಲ್ಲವಲ್ಲ!" ಅಂಕಲ್ ರೇಗಿದರು.

"ಪಾಪ, ಕ್ಲಾಸು ಒಂಟಿಯಾಗಿ ನಿಂತಿದೆಯಲ್ಲ ಅಂಕಲ್. ನಾನು ನಿಂತ್ಕೋತೀನಿ ಜೊತೆಗೆ. ನಾನೂ ಮೈಸೂರಲ್ಲಿ ಕನ್ನಡದಲ್ಲೇ ಓದಿದ್ದು."

ಗಂಡನಿಗೆ ಹೊಸ ಕೆಲಸ ಸಿಗಲಿಲ್ಲ. ಜೂನ್ ತಿಂಗಳ ಸಭೆ ನನ್ನ ಕೊನೆಯದಾಯಿತು. ಹಿಂದಿನ ಸಭೆಯ ನಡಾವಳಿ ಓದಿದೆ. ಒಮ್ಮೆ ಕೈ ಸುಟ್ಟುಕೊಂಡವಳು, ಈ ಬಾರಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ: "ಕಾರ್ಯದರ್ಶಿಯು ಊರಿಗೆ ಹೋಗುತ್ತಿರುವುದರಿಂದ ಆ ಸ್ಥಾನ ತೆರವಾಗುತ್ತದೆ."

"ತಿದ್ದುಪಡಿ ಏನಾದ್ರೂ ಇದೆಯಾ?" ಎಂದು ಅಂಕಲ್ ಕೇಳಿದರು. ಯಾರೂ ಎಂದೂ ತಿದ್ದುಪಡಿ ಹೇಳಿದವರಲ್ಲ.

ಮೋಟೆಲ್‌ನವರು ಕೈ ಎತ್ತಿದರು. "ಉಂಟು. ಹೋಗುತ್ತಿರುವುದರಿಂದ ಅಂತ ಬರೆದದ್ದು ಸರಿಯಿಲ್ಲ. ಹೋಗಿ ಬರುವುದರಿಂದ ಅಂತ ಆಗ್ಬೇಕು."

ಆಂಟಿ ಸೆಕೆಂಡ್ ಮಾಡಿದರು. ವಿರುದ್ಧ ಯಾರಾದರೂ ಇದ್ದೀರಾ ಎಂದು ಕೇಳಿ ಅಂಕಲ್ ಬಹಳ ಹೊತ್ತು ಕಾದರು. ಆಮೇಲೆ ಕುಟ್ಟಾಣಿ ಬಡಿದರು. ನಾನು ಹೋಗುತ್ತಿರುವುದನ್ನು ಹೊಡೆದುಹಾಕಿ, ಹೋಗಿ ಬರುವುದನ್ನು ಮೇಲೆ ಬರೆದೆ.

ಇಲ್ಲಿ ಮೈಸೂರಿನಲ್ಲಿ ಪಾಯಸಕ್ಕೆ ಏಲಕ್ಕಿ ಕುಟ್ಟುವಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ. ಇಷ್ಟು ವರ್ಷಗಳಾದವು. ಸರ್ವಾನುಮತದಿಂದ ಅಂಗೀಕಾರವಾದ ಆ ಒಂದು ತೀರ್ಮಾನವನ್ನು ನಾನು ಇನ್ನೂ ನಡೆಸಿಕೊಟ್ಟಿಲ್ಲ.