ಬಿಳಿ ಪುಡಿಯ ಗಿರಣಿ

ಗಿರಣಿಯಲ್ಲಿ ಅವಳಿಗೆ ಸಿಡುಕಕ್ಕ ಎಂದೇ ಹೆಸರು. ಸಿಡುಕಲು ಕಾರಣ ಬೇಕಾದಷ್ಟಿತ್ತು, ಅದೇನೆಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಒಂದೇ ಗುಡ್ಡ, ಒಬ್ಬನೇ ಧಣಿ. ರಸ್ತೆಯಾಚೆ ಕಬ್ಬಿಣದ ಅದಿರಿನ ಗಣಿ. ಆ ಅದಿರನ್ನು ಕುಲುಮೆಯಲ್ಲಿ ಕಾಯಿಸಿದರೆ ಲೋಹ ಇಳಿಯುತ್ತದೆ. ಈಚೆ ಬಿಳಿಕಲ್ಲು. ಅದನ್ನು ಎಷ್ಟು ಸುಟ್ಟರೂ ಗುಂಡುಸೂಜಿಯಷ್ಟು ಲೋಹ ಹುಟ್ಟದು. ಹಿಟ್ಟಿನಂತೆ ಬೀಸಿ ಗಾಜಿನ ಕಾರ್ಖಾನೆಗೆ ಕಳಿಸುವುದಷ್ಟೇ. ಅದು ಲೋಹದ ಖನಿಜ, ಇದು ಅಲೋಹದ್ದು. ಈ ಭೇದ ಕಲ್ಲಿನಲ್ಲೇ ನಿಂತಿದ್ದರೆ ಯಾರದೂ ತಕರಾರಿರಲಿಲ್ಲ. ಧಣಿ ಅದನ್ನು ಮನುಷ್ಯರಿಗೂ ಎಳೆದು ತಂದ. ಆಚೆಯವರ ಮೂಗಿಗೆ ಮಾಸ್ಕು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಈಚೆಯವರಿಗೆ ತಲೆಬಟ್ಟೆಯ ತುದಿಯೇ ಗತಿ.

ಮೊದಮೊದಲು ಇವರಿಗೂ ಅದು ಸರಿಯೆನಿಸಿತ್ತು ಎನ್ನುವುದೇ ಹೊಟ್ಟೆ ಉರಿಸುವ ಮಾತು. ಆಚೆಯವರು ಕೆಂಪಗೆ ಕೊಳೆಯಾಗಿ ಮನೆಗೆ ಹೋದರೆ, ಇವರು ಪೌಡರು ಬಳಿದುಕೊಂಡವರ ಹಾಗೆ ಬರುತ್ತಿದ್ದರು. ಕೊಡವಿದರೆ ಆಯಿತು, ಕಲೆಯಿಲ್ಲ. ಬೀಸುವ ಯಂತ್ರ ನೋಡಿಕೊಳ್ಳುತ್ತಿದ್ದ ಅವಳ ಗಂಡ, "ನಮ್ದು ಶುದ್ಧ ಕೆಲ್ಸ ಕಣೇ" ಎಂದು ಬೀಗುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿಸಿಕೊಂಡೇ ಬೆಳೆದವರು ಇವರು! ಅವನು ಕೆಮ್ಮಿ ಕೆಮ್ಮಿ ಕಡ್ಡಿಯಾದ. ಕೊನೆಗಾಲಕ್ಕೆ ಎಕ್ಸ್‌ರೇ ನೋಡಿದ ಡಾಕ್ಟರು, ಎದೆ ತುಂಬ ಕಲ್ಲಿನ ಪುಡಿ ಎಂದರು.

ಮೊನ್ನೆ ಮಗಳು, ಅಮ್ಮನೊಬ್ಬಳೇ ದುಡಿದು ಸಾಯುವುದು ಬೇಡವೆಂದು, ಹೇಳದೆ ಕೇಳದೆ ಅಪ್ಪನ ಯಂತ್ರಕ್ಕೇ ಸೇರಿಕೊಂಡಳು. ಅವಳನ್ನು ಅಲ್ಲಿ ಕಂಡದ್ದೇ ಸಿಡುಕಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಜರಡಿ ಬಿಸಾಡಿ, ಮಗಳ ರಟ್ಟೆ ಹಿಡಿದು ಸೂಪರ್‌ವೈಸರನ ಮೇಜಿನ ಮುಂದೆ ನಿಲ್ಲಿಸಿದಳು.

"ಇವ್ಳಿಗೊಂದು ಮಾಸ್ಕು ಕೊಡಿ."

"ಅದು ಆಚೆಯೋರಿಗಮ್ಮ. ಅವ್ರದ್ದು ಲೋಹ, ನಿಮ್ದು ಬರೀ ಕಲ್ಲು. ಕಲ್ಲು ಯಾರಿಗೇನು ಮಾಡುತ್ತೆ?"

"ಇವಳಪ್ಪನಿಗೆ ಮಾಡ್ತಲ್ಲ."

"ಅವನು ಬೀಡಿ ಸೇದ್ತಿದ್ದ."

ಅವನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಸಿಡುಕಕ್ಕ ಹಲ್ಲು ಕಚ್ಚಿದಳು. ಆಗ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿನ ಚಹಾದ ಲೋಟ. ಧೂಳು ಬೀಳದಿರಲೆಂದು ಸೂಪರ್‌ವೈಸರ್ ಅದರ ಮೇಲೆ ತಟ್ಟೆ ಕವುಚಿಟ್ಟಿದ್ದ. ಅವಳು ತಟ್ಟೆ ತೆಗೆದಳು, ತಲೆಬಟ್ಟೆ ಬಿಚ್ಚಿ ಲೋಟದ ಮೇಲೆ ಚೆನ್ನಾಗಿ ಕೊಡವಿದಳು.

"ಬರೀ ಕಲ್ಲು ತಾನೆ. ಕುಡೀರಿ ಸಾರ್."

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಲೋಟ ಮುಟ್ಟಲಿಲ್ಲ.

ಅಲ್ಲಿಯವರೆಗೂ ರಟ್ಟೆ ಬಿಡಿಸಿಕೊಳ್ಳಲು ಕೊಸರಾಡುತ್ತಿದ್ದ ಮಗಳು ಸುಮ್ಮನಾದಳು. ಚಹಾದ ಮೇಲೆ ಕಟ್ಟಿದ ಬಿಳಿ ಕೆನೆಯನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು.

"ನಡಿಯಮ್ಮ, ಮನೆಗೆ ಹೋಗೋಣ" ಎಂದಳು.