ಎಲ್ಲ ಹೊರುವ ವಿಮಾನ

ತಂತಿ ಹರಿಯಬಹುದಿತ್ತು. ರಾಟೆ ನಡುದಾರಿಯಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಬಿದಿರಿನ ರೆಕ್ಕೆ ಲೈಟಿನ ಕಂಬಕ್ಕೆ ತಾಗಿ ಇಡೀ ಓಣಿ ಕತ್ತಲಾಗಬಹುದಿತ್ತು. ಧೂಪದ ಕಿಡಿ ಬೇಗಡೆ ಕಾಗದಕ್ಕೆ ಹಾರಿ ಪೆಂಡಾಲಿನ ಸಮೇತ ನಾವೆಲ್ಲ ಸುಡಬಹುದಿತ್ತು. ಮಣ್ಣಿನ ಗಣಪತಿ ಮೇಲಿನಿಂದ ಬಿದ್ದು ಚೂರಾಗಿ, ಅದನ್ನು ಕಂಡು ನನ್ನ ಬಸುರಿ ಹೆಂಡತಿ ಬಾಗಿಲಲ್ಲೇ ಕುಸಿಯಬಹುದಿತ್ತು. ಇವು ಯಾವುವೂ ಆಗಲಿಲ್ಲ. ಆದರೆ ಆಗಬಹುದೆಂದು ಆ ವರ್ಷ ಚೌತಿಯ ಮುಂಚೆ ನನಗೆ ಊಟ ಸೇರಲಿಲ್ಲ. ಆಗದೇ ಹೋದದ್ದಕ್ಕೆ ಪಟ್ಟ ಚಿಂತೆಯನ್ನು ಯಾರೂ ವಾಪಸು ಕೊಡುವುದಿಲ್ಲ ನೋಡಿ.

ಇದೆಲ್ಲ ನೆನಪಾದದ್ದು ನಿನ್ನೆ ಸಂಜೆ, ಹಳಿಯಾಳದ ಪೇಟೆಯಿಂದ ತಂದ ಮಿರ್ಚಿ ಭಜಿಯ ದೆಸೆಯಿಂದ. ಭಜಿ ಮುಗಿದ ಮೇಲೆ ಕಟ್ಟಿಕೊಟ್ಟ ಕಾಗದವನ್ನು ಓದುವ ಚಟ ನನಗೆ, ನಿಮಗೂ ಇರಬಹುದು. ಅದರಲ್ಲೊಂದು ಯುದ್ಧವಿಮಾನದ ಚಿತ್ರ. ಬಹುಪಾತ್ರದ್ದಂತೆ. ಆಕಾಶದಲ್ಲಿ ಕಾದಾಡುತ್ತದೆ, ನೆಲಕ್ಕೆ ಬಾಂಬು ಹಾಕುತ್ತದೆ, ಹಡಗು ಮುಳುಗಿಸುತ್ತದೆ, ಬರುವಾಗ ಶತ್ರುವಿನ ಪಟವನ್ನೂ ತೆಗೆದುಕೊಂಡು ಬರುತ್ತದೆ. ‘ಮಿತಿಗಳು’ ಎಂಬ ತಲೆಬರಹದ ಕೆಳಗಿನದನ್ನೆಲ್ಲ ಎಣ್ಣೆ ಕುಡಿದಿತ್ತು. ಕುಡಿಯಲಿ. ನನಗೆ ಅದು ಬಾಯಿಪಾಠ. ಶಿವಾನಂದ ಕಾಕಾನ ಪುಣ್ಯ.

ಕಾಕಾ ನಮ್ಮಪ್ಪನ ಚಿಕ್ಕಪ್ಪನ ಮಗ. ಅಂಬಿಕಾನಗರದ ವಿದ್ಯುತ್ ಕಾಲನಿಯಲ್ಲಿ ನೌಕರಿ ಮುಗಿಸಿ ನಮ್ಮ ಓಣಿಗೆ ಬಂದು ಮನೆ ಕಟ್ಟಿಸಿದ್ದರು. ಸೂಪಾ ಅಣೆಕಟ್ಟಿನ ಹಿನ್ನೀರಿನ ಮೇಲೆ ಎಂದೋ ಎರಡು ಜೆಟ್ ವಿಮಾನಗಳು ತೀರ ಕೆಳಗೆ ಹಾರಿಹೋದದ್ದನ್ನು ಅವರು ಕಂಡಿದ್ದರು. ಕಂಡದ್ದು ಒಂದು ಗಳಿಗೆ. ಅದನ್ನು ನಾವು ಕೇಳಿದ್ದು ಒಂದು ಜನ್ಮ. ಮೇಲಾಗಿ ವಿಮಾನಗಳದೇ ಒಂದು ಇಂಗ್ಲಿಷ್ ಮಾಸಿಕವನ್ನು ತರಿಸುತ್ತಿದ್ದರು. ಅದು ಬಂದ ವಾರ ಓಣಿಯ ಜನ ಅವರ ಕಟ್ಟೆಯನ್ನು ತಪ್ಪಿಸಿ ಹಿತ್ತಲಿನ ದಾರಿ ಹಿಡಿಯುತ್ತಿದ್ದರು. ನನಗೆ ಹಿತ್ತಲಿನ ದಾರಿ ಇರಲಿಲ್ಲ.

“ಮುಂಜಾನೆ ಕಾದಾಟ, ಮಧ್ಯಾಹ್ನ ಬಾಂಬು, ಸಂಜಿಕೆ ಫೋಟೋ. ಎಲ್ಲಾಕ್ಕೂ ಒಂದ ವಿಮಾನ. ತಿಳೀತಿಲ್ಲೊ?” ಎನ್ನುತ್ತಿದ್ದರು.

ತಿಳಿಯುತ್ತಿತ್ತು. ಪ್ರತಿ ಮದುವೆ ಮನೆಯಲ್ಲೂ ಇಂಥವನೊಬ್ಬ ಇರುತ್ತಾನೆ. ತೋರಣ ನಾನೇ ಕಟ್ಟುತ್ತೇನೆ, ಬೀಗರನ್ನು ನಾನೇ ಕರೆತರುತ್ತೇನೆ, ಬಡಿಸುವುದಕ್ಕೂ ನಾನೇ ನಿಲ್ಲುತ್ತೇನೆ ಎಂದು ಸೊಂಟಕ್ಕೆ ಪಂಚೆ ಬಿಗಿದವನು, ಪಂಕ್ತಿ ಕೂತ ಹೊತ್ತಿಗೆ ಅಟ್ಟದ ಮೇಲೆ ಗೊರಕೆ ಹೊಡೆಯುತ್ತಿರುತ್ತಾನೆ. ಕಾಕಾನ ವಿಮಾನವೂ ಅದೇ ಜಾತಿಯದು. ಬಾಂಬು ಹೊತ್ತರೆ ಚುರುಕು ಸಾಲದು. ಚುರುಕಾಗಬೇಕೆಂದರೆ ಬಾಂಬನ್ನು ಎಸೆದು ಹಗುರಾಗಬೇಕು. ದೂರ ಹೋಗಬೇಕೆಂದರೆ ಎಣ್ಣೆಯ ಟಾಕಿ ಹೊರಬೇಕು. ಟಾಕಿ ಹೊತ್ತ ಜಾಗದಲ್ಲಿ ಆಯುಧ ಹೊರುವ ಹಾಗಿಲ್ಲ. ಹಾರಿದ್ದಕ್ಕಿಂತ ಶೆಡ್ಡಿನಲ್ಲಿ ಬಿಚ್ಚಿಕೊಂಡು ಕೂತದ್ದೇ ಹೆಚ್ಚು. ಇದನ್ನೆಲ್ಲ ಹೇಳಿದವರೂ ಕಾಕಾನೇ, ಮಗನ ತುಂಟತನ ಹೇಳುವ ತಾಯಿಯ ಹಾಗೆ, ಹೆಮ್ಮೆಯಿಂದ.

ಕಾರ್ಗಿಲ್ ಯುದ್ಧ ಮುಗಿದ ವರ್ಷ ಅದು. ನಮ್ಮ ಕಡೆ ಚೌತಿಗೆ ಓಣಿ ಓಣಿಯ ಮಂಡಳಿಯವರು ಒಬ್ಬರಿಗಿಂತ ಒಬ್ಬರು ಹೆಚ್ಚಾಗಿ ದೃಶ್ಯ ಕಟ್ಟಿ ನಿಲ್ಲಿಸುತ್ತಾರೆ. ಆ ವರ್ಷ ಎಲ್ಲರದೂ ಗುಡ್ಡ, ಬಂಕರು, ಬಂದೂಕು. ಕಾಕಾ ಮಾತ್ರ, ನಮ್ಮ ಗಣಪತಿ ವಿಮಾನದಲ್ಲಿ ಇಳಿದು ಬರಬೇಕು ಎಂದರು. ಅವರ ಮಾಳಿಗೆಯಿಂದ ಎದುರಿನ ಪೆಂಡಾಲಿನ ತನಕ ತಂತಿ, ತಂತಿಗೆ ಬಾವಿಯ ರಾಟೆ, ರಾಟೆಗೆ ಬಿದಿರಿನ ವಿಮಾನ. ದಾರಿಯಲ್ಲಿ ಅದು ಹೂವಿನ ಬಾಂಬು ಹಾಕಬೇಕು, ರೆಕ್ಕೆಯಿಂದ ಸುರ್‌ಸುರ್‌ಬತ್ತಿ ಹಾರಿಸಬೇಕು, ಬಾಲದಿಂದ ಧೂಪ ಬಿಡಬೇಕು, ಹೊಟ್ಟೆಗೆ ಕಟ್ಟಿದ ಕ್ಯಾಮರಾದಿಂದ ಜನರ ಫೋಟೋ ತೆಗೆಯಬೇಕು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ವರ್ಷ ಓಣಿಯ ಮೂರ್ತಿ ನಮ್ಮ ಮನೆಯದು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನನ್ನ ಹೆಂಡತಿಗೆ ದಿನ ನಿಂತಿದ್ದವು. ಅವ್ವ ಓಣಿಗೆ ಮೂರ್ತಿ ಕೊಡುವ ಹರಕೆ ಹೊತ್ತಿದ್ದಳು. ಮೂರ್ತಿ ಭಿನ್ನವಾದರೆ ಅಪಶಕುನ. ಹೊಟ್ಟೆಯಲ್ಲಿ ಕೂಸು ಇರುವಾಗ ಆ ಮಾತನ್ನು ಪೂರ್ತಿ ಆಡುವವರೂ ಇಲ್ಲ. ಅವ್ವ ನೆಟ್ಟಗೆ ಕಾಕಾನ ಕಟ್ಟೆಗೆ ಹೋಗಿ ನಿಂತಳು.

“ಶಿವಾನಂದಾ, ಮಣ್ಣಿನ ದೇವರನ್ನ ತಂತಿ ಮ್ಯಾಲೆ ಬಿಡ್ತೀಯಂತ. ಏನರ ಹೆಚ್ಚುಕಡಿಮಿ ಆದ್ರ ನಮ್ಮ ಸೊಸಿಗೆ ಏನ್ ಹೇಳ್ತಿ?”

“ವೈನಿ, ಪೈಲಟ್ ಯಾರು? ವಿಘ್ನಹರ್ತಾ. ಅವಗ ಏನಾಕ್ಕೈತಿ?”

ನಾನು ಮಧ್ಯೆ ಬಾಯಿ ಹಾಕಿ, ಮೊದಲು ಮೂರ್ತಿಯಷ್ಟೇ ತೂಕದ ಏನಾದರೂ ಇಟ್ಟು ನೋಡೋಣ ಎಂದೆ. ಅಂಜುಬುರುಕನ ಬುದ್ಧಿವಂತಿಕೆಯೆಂದರೆ ಇಷ್ಟೇ, ಅಪಾಯವನ್ನು ಒಂದು ದಿನ ಮುಂದೂಡುವುದು.

ಹಾಗೆ ನಮ್ಮ ಬೀಸುವ ಕಲ್ಲು ವಿಮಾನ ಏರಿತು. ಹೂ, ಸುರ್‌ಸುರ್‌ಬತ್ತಿ, ಧೂಪ, ಕ್ಯಾಮರಾ ಎಲ್ಲ ಹೊತ್ತ ವಿಮಾನ ಮಾಳಿಗೆಯಿಂದ ಜೋರಾಗಿ ಹೊರಟು, ತಂತಿ ಜೋಲಿಬಿದ್ದು, ಗಟಾರದ ನೆತ್ತಿಯ ಮೇಲೆ ನಿಂತುಬಿಟ್ಟಿತು. ಕೆಳಗೆ ನಾಯಿಯೊಂದು ಅದನ್ನು ನೋಡಿ ಬೊಗಳಿತು. ಅಂದು ವಿಮಾನಕ್ಕೆ ಸಿಕ್ಕ ಶತ್ರು ಅದೊಂದೇ, ಅದನ್ನೂ ಹೊಡೆಯಲಿಲ್ಲ. ಏಣಿ ತಂದು ಕಲ್ಲನ್ನು ಇಳಿಸಿಕೊಂಡೆವು.

“ಲೋಡ್ ಜಾಸ್ತಿ ಆತು. ಖರೇ ವಿಮಾನಕ್ಕೂ ಹಿಂಗ ಆಕ್ಕೈತಿ,” ಎಂದರು ಕಾಕಾ, ಪರೀಕ್ಷೆ ಪಾಸಾದವರ ಹಾಗೆ.

ಆಮೇಲೆ ಒಂದೊಂದೇ ಪಾತ್ರ ಕಳಚತೊಡಗಿತು. ಸುರ್‌ಸುರ್‌ಬತ್ತಿ ಹೋಯಿತು. ಧೂಪ ಹೋಯಿತು, ನನಗೆ ಅರ್ಧ ಜೀವ ಬಂತು. ಕ್ಯಾಮರಾ ಹೋಯಿತು. ತಂತಿ ಬಿಗಿದರು, ಹೂವಿನ ಬುಟ್ಟಿಯನ್ನೂ ಬಿಚ್ಚಿದರು. ಚೌತಿಯ ದಿನ ಗಣಪತಿಯನ್ನು ಕೂರಿಸಿದ ಮೇಲೂ ಕಾಕಾಗೆ ಸಮಾಧಾನವಿಲ್ಲ. ಇನ್ನೂ ಏನು ತೆಗೆಯಲಿ ಎಂದು ಸುತ್ತ ನೋಡಿ, ಮೂರ್ತಿಯ ಪಾದದ ಹತ್ತಿರ ಬಿಡಿಯಾಗಿ ಇಟ್ಟಿದ್ದ ಹೆಬ್ಬೆರಳಿನಷ್ಟು ಇಲಿಯನ್ನು ಎತ್ತಿ, “ಇದನ್ನ ಆಮ್ಯಾಲೆ ಇಡೂಣು,” ಎಂದು ಕೆಳಗೆ ಕಳಿಸಿದರು. ನನ್ನ ಹೆಂಡತಿ ಅದನ್ನು ನಮ್ಮ ಗೋಡೆಯ ಮಾಡದಲ್ಲಿ ಇಟ್ಟಳು.

ವಿಮಾನ ಹೊರಟಿತು. ಕೆಳಗೆ ನಾವು ನಾಲ್ವರು ಅವ್ವನ ಕೌದಿಯನ್ನು ಮೂಲೆಮೂಲೆಗೆ ಹಿಡಿದು, ಅದರ ನೆರಳಿನ ಜೊತೆ ಹೆಜ್ಜೆ ಹಾಕಿದೆವು. ಆಧುನಿಕ ವಾಯುಶಕ್ತಿಯನ್ನು ನಾನು ಇಷ್ಟು ಹತ್ತಿರದಿಂದ ಕಂಡದ್ದು ಅದೊಂದೇ ಸಲ. ಅದರ ಕೆಳಗೆ ಹಳೆಯ ಸೀರೆಗಳ ಕೌದಿ ಇತ್ತು. ಬಾಗಿಲಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಗಣಪತಿಯನ್ನು ನೋಡಲಿಲ್ಲ, ಆ ಕೈಯನ್ನೇ ನೋಡಿದೆ. ವಿಮಾನ ಕಿರ್ ಕಿರ್ ಎನ್ನುತ್ತ ಪೆಂಡಾಲು ಮುಟ್ಟಿತು. ಅವ್ವ ಆರತಿ ಎತ್ತಿದಳು. ಕಾಕಾ ಮಾಳಿಗೆಯ ಮೇಲೆ ಸೆಲ್ಯೂಟ್ ಹೊಡೆದು ನಿಂತಿದ್ದರು, ಯಾರಿಗೆಂದು ತಿಳಿಯಲಿಲ್ಲ.

ಹಬ್ಬ ಮುಗಿದು ಗಣಪತಿ ಕೆರೆಗೆ ಹೋದ. ವಿಮಾನಕ್ಕೆ ನಿಜವಾದ ಬಹುಪಾತ್ರ ದೊರೆತದ್ದು ಆಮೇಲೆಯೇ. ಒಂದು ರೆಕ್ಕೆ ಅವರೆ ಬಳ್ಳಿಗೆ ಚಪ್ಪರವಾಯಿತು, ಇನ್ನೊಂದು ಕಟ್ಟಿಗೆಯ ರಾಶಿಗೆ ಮುಚ್ಚಳ, ಹೊಟ್ಟೆ ಪಕ್ಕದ ಮನೆಯ ಕೋಳಿಗಳಿಗೆ ಗೂಡು.

ಗಣಪತಿ ಕೆರೆಗೆ ಹೋದ ಮರುದಿನ ಅವ್ವ ಏನೋ ಹುಡುಕುತ್ತ ಮಾಡಕ್ಕೆ ಕೈ ಹಾಕಿದಳು, ಇಲಿ ಸಿಕ್ಕಿತು. ಆಮೇಲೆ ಕಾಕಾನನ್ನು ಕರೆಸಿ, ಅಂಗೈ ಬಿಚ್ಚಿ ತೋರಿಸಿದಳು.

“ಎಲ್ಲಾ ಹೊರತೈತಿ ಅಂದ್ಯಲ್ಲ ನಿನ್ನ ವಿಮಾನ. ಅವನ ಗಾಡಿ ಇಲ್ಲೇ ಉಳದೈತಿ ನೋಡು. ಪಾಪ, ಅಷ್ಟು ದೊಡ್ಡ ಹೊಟ್ಟಿ ಹೊತ್ತು ನಡಕೊಂತ ಹೊಂಟಿರ್ತಾನ.”

ಕಾಕಾ ಇಲಿಯನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿ, ತಾವೇ ಮತ್ತೆ ಮಾಡದಲ್ಲಿಟ್ಟು ಹೊರಟುಹೋದರು.

ಮಗಳು ಸುಸೂತ್ರವಾಗಿ ಹುಟ್ಟಿದಳು. ಇಲಿ ಉಳಿದದ್ದಕ್ಕೇ ಎಲ್ಲ ನೆಟ್ಟಗಾಯಿತೋ ಏನೋ ಎಂಬ ಹೊಸ ಅಂಜಿಕೆ ನನಗೆ ಅಂಟಿತು. ಕಾಕಾನನ್ನು ನೋಡಿ ಇಷ್ಟು ನಕ್ಕ ನಾನು, ಪ್ರತಿ ಚೌತಿಗೂ ಆ ಇಲಿಯನ್ನು ಕೆರೆಗೆ ಕಳಿಸಲು ಧೈರ್ಯ ಸಾಲದೆ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಬಂದೆ.

ನಿನ್ನೆ ಕಾಗದವನ್ನು ಒಲೆಗೆ ಹಾಕಿ ಮಾಡದ ಹತ್ತಿರ ಹೋದೆ. ಮಗಳೂ ಹಿಂದೆ ಬಂದಳು. “ಅಪ್ಪಾ, ಈ ವರ್ಷರ ಕಳಿಸೂಣು. ನಾ ಹಿಡಕೊಂಡು ಬರ್ತೇನಿ,” ಎಂದಳು. ಮುಂದಿನ ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇಲಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ.

ಅದನ್ನು ನಾನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಎಷ್ಟು ಹಗುರವಾಗಿತ್ತೆಂದರೆ, ಅದನ್ನು ಇಳಿಸಿದ್ದರಿಂದ ಆ ವಿಮಾನದ ಭಾರ ಏನೂ ಕಡಿಮೆಯಾಗಿರಲಿಕ್ಕಿಲ್ಲ.